ಪರದೆಯ ಮೇಲೆ ಸಿಕ್ಕಿಬಿದ್ದ ಸಿಟ್ಟು

ಪಟಾಕಿ ಎಂದರೆ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ನಿಜವಾದ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಓದು ತಲೆಗೆ ಹತ್ತಿರಲಿಲ್ಲ, ಸಿಟ್ಟು ಮಾತ್ರ ಯಾರೂ ಕಲಿಸದೆ ಬಂದಿತ್ತು. ಹೋದಲ್ಲೆಲ್ಲ ಬಾಯಿಂದಲೇ ಕೆಲಸ ಕಳೆದುಕೊಂಡ ಈ ಮಹಾಶಯನನ್ನು ಕ್ಯಾಮೆರಾ ಪರೀಕ್ಷಿಸುವ ಮೇಜಿಗೆ ತಂದು ಕೂರಿಸಿದವನು ಅಲ್ಲಿನ ಮೇಲ್ವಿಚಾರಕ, ಅಂದರೆ ಅವನ ಬಾಮೈದ. ಅದೇ ಬಾಮೈದ ಮೊನ್ನೆ ಮುಖಕ್ಕೆ ಹೊಡೆದಂತೆ ಹೇಳಿದ್ದ: ಇನ್ನೊಂದು ಸಲ ಕೂಗಾಡಿದರೆ ಪ್ಯಾಕಿಂಗ್ ಕೋಣೆಗೆ ಹೋಗಿ ರಟ್ಟಿನ ಡಬ್ಬಗಳ ಮೇಲೆ ಕೂಗಾಡಬೇಕು.

ಪಟಾಕಿಗೆ ಆ ಮೇಜು ಬಿಡಲು ಮನಸ್ಸಿಲ್ಲ. ಚೆನ್ನಾಗಿದೆಯಾ ನೋಡಿ ಹೇಳಿ ಎಂದು ಅವನನ್ನು ಕೇಳುವ ಜಾಗ ಲೋಕದಲ್ಲಿ ಅದೊಂದೇ ಇತ್ತು; ಮನೆಯಲ್ಲಂತೂ ಇರಲಿಲ್ಲ.

ಕೆಲಸ ಇಷ್ಟೇ. ಅಂಗೈಯಗಲದ ಬೋರ್ಡಿಗೆ ಉಗುರಿನಷ್ಟು ಕ್ಯಾಮೆರಾವನ್ನು ಪಟ್ಟಿಯಂಥ ಕೇಬಲ್ಲಿನಿಂದ ಜೋಡಿಸಿ, ಎದುರಿನ ಬಣ್ಣದ ಚಾರ್ಟು ಪರದೆಯಲ್ಲಿ ಸರಿಯಾಗಿ ಕಾಣುತ್ತದೆಯೇ ಎಂದು ನೋಡುವುದು. ಕ್ಯಾಮೆರಾ ಕಂಡದ್ದನ್ನು ಬೋರ್ಡಿಗೆ ತಲುಪಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆದವಳು ಪಕ್ಕದಲ್ಲೇ ಕೂರುವ ಇಂಜಿನಿಯರ್ ಹುಡುಗಿ. ಸಂಜೆಗೆ ಬೋರ್ಡುಗಳು ಗಿರಾಕಿಗೆ ಹೋಗಬೇಕಿತ್ತು.

ಆ ದಿನ ಚಾರ್ಟು ತಲೆಕೆಳಗಾಗಿ ಕಂಡಿತು. ಪಟಾಕಿಯ ಬತ್ತಿಗೆ ಅಷ್ಟು ಕಿಡಿ ಸಾಕಾಯಿತು.

"ಏನಮ್ಮಾ ಬರ್ದಿದೀಯ? ಪ್ರಪಂಚಾನೇ ಉಲ್ಟಾ ಮಾಡಿಟ್ಟಿದೀಯಲ್ಲ" ಎಂದು ಕಿರುಚಿ, ಚಾರ್ಟಿಗೆ ಅಡ್ಡವಾಗಿ ತಲೆ ತೂರಿಸಿ, ಬೆರಳೆತ್ತಿ, ಇನ್ನೊಂದು ಕೈಯಿಂದ ಮೇಜು ಗುದ್ದಿದ.

ಹುಡುಗಿ ದನಿಯೇರಿಸಲಿಲ್ಲ. "ಅಣ್ಣ, ಕ್ಯಾಮೆರಾನೇ ಉಲ್ಟಾ ಸಿಕ್ಸಿದೀರಿ" ಎಂದಳು.

ಸಿಕ್ಕಿಸಿದ್ದು ಅವನ ಕೈಯೇ. ಸಿಟ್ಟು ಹೇಳದೆ ಕೇಳದೆ ಜಾಗ ಖಾಲಿ ಮಾಡಿತು. ಅಷ್ಟರಲ್ಲಿ ಸದ್ದು ಕೇಳಿ ಬಾಮೈದ ಬಾಗಿಲಲ್ಲಿ ನಿಂತಿದ್ದ.

"ಭಾವ, ಮತ್ತೆ ಶುರುವಾ?"

"ಛೇ, ಸುಮ್ನೆ ಮಾತಾಡ್ತಾ ಇದ್ವಿ" ಎಂದ ಪಟಾಕಿ, ಬೆಣ್ಣೆಯಂಥ ದನಿಯಲ್ಲಿ.

ಬಾಮೈದ ಅವನ ಮುಖ ನೋಡದೆ ಬೆನ್ನ ಹಿಂದೆ ನೋಡುತ್ತಿದ್ದ. ಪಟಾಕಿ ತಿರುಗಿದ. ಪರದೆಯಲ್ಲಿ ಅವನೇ ಬಾವಲಿಯಂತೆ ನೇತಾಡುತ್ತಿದ್ದ: ಬೆರಳೆತ್ತಿ, ಕಣ್ಣು ಕೆಕ್ಕರಿಸಿ, ಕಿರುನಾಲಿಗೆ ಕಾಣುವಷ್ಟು ಬಾಯಿ ತೆರೆದು. ಪಕ್ಕಕ್ಕೆ ಸರಿದ, ಮುಖ ಸರಿಯಲಿಲ್ಲ. ಕ್ಯಾಮೆರಾವನ್ನು ಅಂಗೈಯಲ್ಲಿ ಮುಚ್ಚಿದ, ಮುಖ ಹೋಗಲಿಲ್ಲ. ಕೊನೆಗೆ ಪರದೆಗೆ ಬೆನ್ನು ಕೊಟ್ಟು ಅಡ್ಡ ನಿಂತ. ಆ ಮೈಗೆ ಅಷ್ಟು ಅಗಲದ ಪರದೆ ಮುಚ್ಚುವುದು ಏನೂ ದೊಡ್ಡದಲ್ಲ.

ಬಾಮೈದನಿಗೆ ನಗು ತಡೆಯಲಾಗಲಿಲ್ಲ; ಹುಡುಗಿ ಮಾತ್ರ ನಗಲಿಲ್ಲ. ಅವನನ್ನು ಸರಿಸಿ ಬೋರ್ಡು ನೋಡಿ ಸಪ್ಪಗಾದಳು.

"ಗುದ್ದಿದ್ದಕ್ಕೆ ಕೇಬಲ್ ಬಿಟ್ಕೊಂಡಿದೆ ಸರ್. ಆದ್ರೂ ನನ್ ಡ್ರೈವರ್ ಹಳೇ ಚಿತ್ರಾನೇ ತೋರಿಸ್ಕೊಂಡು ಎಲ್ಲಾ ಸರಿ ಅಂತಿದೆ. ಚಾರ್ಟು ಅಲ್ಲಾಡಲ್ವಲ್ಲ, ನಮಗೆ ಗೊತ್ತೇ ಆಗಿಲ್ಲ."

ಬಾಮೈದ ಬಿಟ್ಟುಕೊಂಡ ಕೇಬಲ್ಲನ್ನು ಎತ್ತಿ ನೋಡಿದ. ಇದನ್ನು ಯಾರದೋ ಗೇಟಿಗೆ ಹಾಕಿದ್ದರೆ, ಕಳ್ಳ ಮನೆ ಗುಡಿಸಿಕೊಂಡು ಹೋದರೂ ಕಾವಲುಗಾರನಿಗೆ ಖಾಲಿ ರಸ್ತೆಯೇ ಕಾಣುತ್ತಿತ್ತು ಎಂದ. ಬೋರ್ಡು ಕಳಿಸುವುದನ್ನು ನಿಲ್ಲಿಸಿದ. ಆಮೇಲೆ ಭಾವನ ಕಡೆ ತಿರುಗಿದ.

"ಪ್ಯಾಕಿಂಗ್ ಬೇಡ. ಇನ್ಮೇಲೆ ಪ್ರತಿ ಬೋರ್ಡಿಗೂ ಮೇಜು ಗುದ್ದಿ, ಕೇಬಲ್ ಬಿಟ್ಕೊಂಡ್ರೆ ಪರದೆ ಹೇಳುತ್ತಾ ನೋಡಿ. ಬಾಯಿ ಮುಚ್ಕೊಂಡು ಗುದ್ದಿ."

ಹುಡುಗಿ ಡ್ರೈವರ್ ತಿದ್ದಿ ತಂದ ದಿನ ಪಟಾಕಿ ತೋಳು ಮಡಚಿ ಗುದ್ದಿದ. ಕೇಬಲ್ ಮಿಸುಕಲಿಲ್ಲ. ಮತ್ತೆ ಗುದ್ದಿದ, ಕೈ ನೋವಾಯಿತು. ಇಷ್ಟು ವರ್ಷ ತನ್ನ ತೋಳಿನದೆಂದು ನಂಬಿದ್ದ ಬಲವೆಲ್ಲ ಬಾಯಿಯದು ಎಂದು ಆಗ ತಿಳಿಯಿತು.

"ಭಾವ, ಒಂದ್ ಮಾತು" ಎಂದ ಬಾಮೈದ ಹಿಂದಿನಿಂದ. "ಆವತ್ತು ಫೋನಲ್ಲಿ ಹಿಡ್ಕೊಂಡ ಆ ಬಾವಲಿ ಚಿತ್ರ ಅಕ್ಕನಿಗೆ ಕಳಿಸಿದೀನಿ. ಫ್ರೇಮ್ ಹಾಕಿಸ್ತಾಳಂತೆ."

ಮೇಜು ನಡುಗಿತು. ಪರದೆ ಕಪ್ಪಾಗಿ, ಕ್ಯಾಮೆರಾ ಸಂಪರ್ಕ ಇಲ್ಲ ಎಂದು ತೋರಿಸಿತು.

"ಪಾಸ್" ಎಂದಳು ಹುಡುಗಿ.