ಸೋಪಿನ ಅಚ್ಚಿನ ಕೀ

ಅಕ್ಷರ ಚೆನ್ನಾಗಿಲ್ಲ, ಓದುವವರು ಕ್ಷಮಿಸಬೇಕು. ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳ ಕೈ ಇದು. ಎಷ್ಟೇ ಜೋಪಾನವಾಗಿ ಬರೆದರೂ ಸಾಲು ಬಲಗಡೆ ಹೋಗುತ್ತಾ ಹೋಗುತ್ತಾ ಮೇಲಕ್ಕೆ ಏರಿಬಿಡುತ್ತದೆ. ಮಾತುಗಳೂ ಅಲ್ಲಲ್ಲಿ ತಪ್ಪಿರಬಹುದು. 'ನಾನು' ಎಂದು ಬರೆಯಲು ಹೋದರೆ ಪೆನ್ನು ನಿಂತುಬಿಡುತ್ತದೆ. ಅದಕ್ಕೇ 'ಮಗಳು' ಎಂದು ಬರೆದಿದ್ದೇನೆ.

ಮಗಳ ಅಪ್ಪ ಬೀಗ ರಿಪೇರಿ ಮಾಡುವವನು. ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಅವನ ಅಂಗಡಿ. ಅಪ್ಪ ಕೂತರೆ ಮಗಳು ನಿಲ್ಲಬೇಕು, ಮಗಳು ಕೂತರೆ ಅಪ್ಪ ರಸ್ತೆಗೆ ಬರಬೇಕು, ಅಷ್ಟೇ ಜಾಗ. ಗೋಡೆಯ ಮೊಳೆಗಳಲ್ಲಿ ಇನ್ನೂ ಹಲ್ಲು ಕೊರೆಯದ ಮುನ್ನೂರಕ್ಕೂ ಹೆಚ್ಚು ಖಾಲಿ ಕೀಗಳು ನೇತಾಡುತ್ತಿದ್ದವು. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ಅವೆಲ್ಲ ಒಟ್ಟಿಗೆ ಸಣ್ಣಗೆ ನಡುಗುತ್ತಿದ್ದವು. 'ಇಲ್ಲಿ ಚೌಕಾಸಿ ಇಲ್ಲ' ಎಂದು ಒಂದು ತಗಡಿನ ಬೋರ್ಡು ಬೇರೆ.

"ಇಷ್ಟೇ ಇಷ್ಟು ಕೀಗೆ ಅಷ್ಟೊಂದಾ?" ಎಂದು ಯಾರಾದರೂ ಕೇಳಿದರೆ ಅಪ್ಪ ತಲೆ ಎತ್ತದೆ ಹೇಳುತ್ತಿದ್ದ, "ಇನ್ನೂ ದೊಡ್ಡದು ಮಾಡ್ಕೊಡ್ತೀನಿ ಬಿಡಿ. ನಿಮ್ಮ ಬೀಗದೊಳಗೆ ಹೋಗಲ್ಲ, ಅಷ್ಟೇ."

ಅವನು ಎರಡು ನಿಯಮ ಇಟ್ಟುಕೊಂಡಿದ್ದ. ಮಾಡಿದ ಪ್ರತಿ ಕೀಯನ್ನೂ ಒಂದು ಉದ್ದನೆಯ ಪುಸ್ತಕದ ಮೇಲಿಟ್ಟು, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಕು, ಯಾರ ಕೀ, ಯಾವ ಬೀಗ ಎಂದು ಬರೆಯಬೇಕು. ಅವನ ಅಕ್ಷರ ಸಣ್ಣದು, ಕೀ ಉಜ್ಜುವ ಅರದ ಹಲ್ಲಿನ ಹಾಗೆ ಒಂದೇ ಸಮ. ಎರಡನೆಯದು, ಬೀಗ ತರಬೇಕು, ಇಲ್ಲ ಕೀ ತರಬೇಕು. ಸೋಪಿನಲ್ಲಿ ಒತ್ತಿ ತಂದ ಅಚ್ಚು ನೋಡಿ ಕೀ ಮಾಡಕೂಡದು. "ಸೋಪು ತಂದವನಿಗೆ ಸ್ನಾನ ಮಾಡ್ಕೋ ಹೋಗು ಅಂತ ಹೇಳು" ಎಂದು ಮಗಳಿಗೆ ಕಲಿಸಿದ್ದ.

ಮಗಳು ಶಾಲೆ ಬಿಟ್ಟಿದ್ದಕ್ಕೆ ಅಪ್ಪ ಬೈದಿರಲಿಲ್ಲ. ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ ಏನಾದರೂ ಕೇಳಿದರೆ ಅವಳ ಗಂಟಲು ಕಟ್ಟುತ್ತಿತ್ತು. ಅಮ್ಮ ತೀರಿಕೊಂಡ ವರ್ಷದಿಂದ ಹಾಗೆ. ಅಪ್ಪ ಒಂದು ದಿನ, "ಕೀಗಳು ಪ್ರಶ್ನೆ ಕೇಳಲ್ಲ, ಬಾ" ಎಂದು ಅಂಗಡಿಗೆ ಕರೆದುಕೊಂಡು ಹೋದ. ಅರ ಹಿಡಿಯುವುದನ್ನು ಕಲಿಸಿದ. ಬೆರಳಿನಿಂದ ಮುಟ್ಟಿಯೇ ಯಾವ ಹಲ್ಲು ಎತ್ತರ, ಯಾವುದು ತಗ್ಗು ಎಂದು ಹೇಳುವುದನ್ನು ಕಲಿಸಿದ.

ಅಪ್ಪ ಯಾರದೋ ಮನೆಯ ಕಪಾಟು ತೆಗೆಯಲು ಹೋಗಿದ್ದಾಗ ಆ ಮನುಷ್ಯ ಬಂದ. ಊಟದ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ಒಳಗೆ ಹಸಿರು ಸೋಪು, ಅದರ ಮೇಲೆ ಕೀಯ ಅಚ್ಚು.

"ಹೆಂಡ್ತಿ ಕೀ ಕಳೆದಿದಾಳಮ್ಮ. ಮಕ್ಕಳು ಬಾಗಿಲಲ್ಲೇ ಕೂತಿವೆ. ಹಿಂದೇನೂ ಒಂದ್ಸಲ ಕಳೆದಿದ್ಲು. ಅದಕ್ಕೇ ಆಗಲೇ ಹಿಂಗೆ ಒತ್ತಿಟ್ಕೊಂಡಿದ್ದೆ."

ಹೇಳಬೇಕಾದ ಮಾತು ಮಗಳಿಗೆ ಗೊತ್ತಿತ್ತು. ಗಂಟಲು ಕಟ್ಟಿತು. ಆಗುವುದಿಲ್ಲ ಎನ್ನುವುದಕ್ಕಿಂತ ಮಾಡಿಕೊಡುವುದೇ ಸುಲಭವಾಗಿತ್ತು. ಮುಕ್ಕಾಲು ಗಂಟೆ ಹಿಡಿಯಿತು. ಅವಳು ಒಬ್ಬಳೇ ಮಾಡಿದ ಮೊದಲ ಕೀ ಅದು. ತುಂಬಾ ಚೆನ್ನಾಗಿ ಬಂದಿತ್ತು, ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಆ ಹೆಮ್ಮೆಯಲ್ಲೇ ಪುಸ್ತಕದಲ್ಲಿ ಗೆರೆ ಎಳೆದು, ತಾರೀಕು ಹಾಕಿ, 'ಮನೆ ಬಾಗಿಲು, ಮಕ್ಕಳು ಹೊರಗೆ ಇದ್ದಾರೆ' ಎಂದು ಬರೆದಳು. ಅಪ್ಪನಿಗೆ ಸಂಜೆ ಹೇಳೋಣ ಎಂದುಕೊಂಡಳು. ಹೇಳಲಿಲ್ಲ.

ಅದು ಮನೆಯ ಬಾಗಿಲಿನ ಕೀ ಆಗಿರಲಿಲ್ಲ, ಔಷಧಿಯ ಗೋದಾಮಿನದು. ವಾರದೊಳಗೆ ಗೋದಾಮು ಖಾಲಿಯಾಯಿತು. ತಡೆಯಲು ಹೋದ ಕಾವಲುಗಾರನನ್ನು ಕಳ್ಳರು ಮೆಟ್ಟಿಲಿಂದ ನೂಕಿದರು. ಅವನು ಈಗಲೂ ಊರುಗೋಲು ಹಿಡಿದು ನಡೆಯುತ್ತಾನೆ.

ಸಿಕ್ಕಿಬಿದ್ದವನು ಸೋಪು ತಂದ ಮನುಷ್ಯನಲ್ಲ, ಬೇರೊಬ್ಬ. ಅವನ ಜೇಬಿನಲ್ಲಿ ಕೀ ಇತ್ತು. ಪೊಲೀಸರು ಊರಿನ ಕೀ ಅಂಗಡಿಗಳನ್ನೆಲ್ಲ ವಿಚಾರಿಸುತ್ತಾ ಈ ಅಂಗಡಿಗೂ ಬಂದು ಪುಸ್ತಕ ತಿರುವಿದರು. ಕೀಯನ್ನು ಮಗಳು ಬರೆದ ಪುಟದ ಮೇಲಿಟ್ಟರೆ ಗೆರೆಯೊಳಗೆ ಸರಿಯಾಗಿ ಕೂತಿತು.

"ಇದು ಯಾರು ಬರೆದದ್ದು?"

ಅಪ್ಪ ಕನ್ನಡಕ ಹಾಕಿಕೊಂಡು ಪುಟ ನೋಡಿದ. ಮಗಳ ಕಡೆ ನೋಡಲಿಲ್ಲ.

"ನಾನೇ ಸಾರ್. ಅವತ್ತು ಕೈ ನಡುಗ್ತಿತ್ತು."

ಅಪ್ಪನ ಕೈ ನಡುಗಿದ್ದನ್ನು ಮಗಳು ಯಾವತ್ತೂ ಕಂಡಿರಲಿಲ್ಲ. ಅವಳು ಮೆಟ್ಟಿಲ ಪಕ್ಕದಲ್ಲೇ ನಿಂತಿದ್ದಳು. ಪೊಲೀಸರು ಅಪ್ಪನನ್ನು ಕರೆದುಕೊಂಡು ಹೋದ ಮೇಲೆ ಅಂಗಡಿಗೆ ಬೀಗ ಹಾಕಿದಳು.

ಕೋರ್ಟಿನಲ್ಲಿ ಅಪ್ಪ ಒಪ್ಪಂದಕ್ಕೆ ಬಂದ. ತಪ್ಪು ಒಪ್ಪಿಕೊಂಡರೆ ಆರೋಪವನ್ನು ಹಗುರ ಮಾಡುತ್ತಾರೆ, ಸಾಕ್ಷಿ ವಿಚಾರಣೆ ಯಾವುದೂ ಇರುವುದಿಲ್ಲ. ಪುಸ್ತಕದ ಅಕ್ಷರವನ್ನು ಯಾರೂ ಪರೀಕ್ಷಿಸಲಿಲ್ಲ. ಮೂರು ವರ್ಷ ಶಿಕ್ಷೆಯಾಯಿತು.

"ಅಂಗಡೀಲಿ ಚೌಕಾಸಿ ಇಲ್ಲ ಅಂತ ಬೋರ್ಡು, ಕೋರ್ಟಲ್ಲಿ ಮಾತ್ರ ಚೌಕಾಸಿ!" ಎಂದು ಅತ್ತೆ ರೇಗಿದಳು. ಅತ್ತೆ ಎಂದರೆ ಅಪ್ಪನ ಅಕ್ಕ. ಅಪ್ಪ ಜೈಲಿಗೆ ಹೋದ ಮೇಲೆ ತನ್ನ ಹೊಲಿಗೆ ಮಿಷನ್ ಹೊರಿಸಿಕೊಂಡು ಇವರ ಮನೆಗೇ ಬಂದಿದ್ದಾಳೆ. ಮಿಷನ್ ತುಳಿಯುತ್ತಾ ತಮ್ಮನನ್ನು ಬೈಯುತ್ತಾಳೆ. "ಕಳ್ಳನಿಗೆ ಕೀ ಮಾಡ್ಕೊಟ್ಟ, ಬುದ್ಧಿಗೇಡಿ. ಆ ಕಾವಲಿನವನ ಹೆಂಡ್ತಿ ಎದುರಿಗೆ ಸಿಕ್ಕಿದ್ರೆ ನಾನು ರಸ್ತೆ ದಾಟಿ ಹೋಗ್ತೀನಿ ಕಣೇ." ಮಗಳು ದಾರ ಕತ್ತರಿಸುತ್ತಾ, ಗುಂಡಿ ಹಚ್ಚುತ್ತಾ ಎಂಟು ತಿಂಗಳು ಇದನ್ನು ಕೇಳಿದ್ದಾಳೆ.

ಮೊನ್ನೆ ವಕೀಲರು ಕರೆಸಿದರು. "ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ನಿಮ್ಮಪ್ಪ ಇನ್ನು 'ನಾನು ಮಾಡಿಲ್ಲ' ಅನ್ನೋ ಹಾಗಿಲ್ಲ. ಶಿಕ್ಷೆ ಕಮ್ಮಿ ಮಾಡಿ ಅಂತ ಕೇಳಬಹುದು. ಸೋಮವಾರ ಅರ್ಜಿ ಕೋರ್ಟಿನ ಮುಂದೆ ಬರುತ್ತೆ, ಒಂದೂವರೆ ವರ್ಷಕ್ಕೆ ಇಳಿದ್ರೂ ಇಳೀಬಹುದು. ನಿಮ್ಮಪ್ಪ ಎಂಥವರು ಅಂತ ನೀನೊಂದು ಬರಿ. ಕೈಯಲ್ಲೇ ಬರಿಯಮ್ಮ. ಟೈಪ್ ಮಾಡಿದ್ದು ಓದಿ ಓದಿ ನ್ಯಾಯಾಧೀಶರಿಗೂ ಸಾಕಾಗಿರುತ್ತೆ."

ಮಗಳು ಜೈಲಿಗೆ ಹೋಗಿ ಅಪ್ಪನಿಗೆ ಹೇಳಿದಳು. ನಡುವೆ ಜಾಲರಿ. ಅಪ್ಪನ ಬೆರಳುಗಳು ಜಾಲರಿಗೆ ಒರಗಿದ್ದವು. ಉಗುರುಗಳ ಸಂದಿಯಲ್ಲಿ ಯಾವಾಗಲೂ ಇರುತ್ತಿದ್ದ ಕಬ್ಬಿಣದ ಕಪ್ಪು ಹೋಗಿ, ಆಫೀಸಿನವರ ಕೈಯಂತೆ ಬೆಳ್ಳಗಾಗಿದ್ದವು. ಅದನ್ನು ನೋಡಿ ಅವಳಿಗೆ ಅಳು ಬಂತು.

"ಅರಗಳನ್ನ ಬ್ರಷ್ ಮಾಡಿಟ್ಟಿದ್ದೀಯಾ?"

"ಹೂಂ."

"ಪತ್ರ ಬೇಕಾದ್ರೆ ಬರಿ. ಆದ್ರೆ ಟೈಪ್ ಮಾಡಿಸು. ಕೈಯಲ್ಲಿ ಬೇಡ."

"ಯಾಕಪ್ಪಾ?"

"ನಿನ್ನ ಅಕ್ಷರ ನೋಡಿದ್ರೆ ಇನ್ನೆರಡು ವರ್ಷ ಜಾಸ್ತಿ ಹಾಕ್ಬಿಟ್ಟಾರು" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, ಮೆಲ್ಲಗೆ, "ಮಾತು ಕೇಳು ಪುಟ್ಟಿ" ಎಂದ.

ಅಷ್ಟೇ. ಆ ಪುಟದ ವಿಷಯ ಅವರಿಬ್ಬರೂ ಒಂದು ಸಲವೂ ಬಾಯಿಬಿಟ್ಟು ಆಡಿಲ್ಲ.

ಮರುದಿನ ಮಧ್ಯಾಹ್ನ ಮಗಳು ಅಡುಗೆಮನೆಯ ನೆಲದಲ್ಲಿ ಕೂತು ಪತ್ರ ಶುರು ಮಾಡಿದಳು. ಟೈಪ್ ಮಾಡಿಸಲು ಮೊದಲು ಒಂದು ಪ್ರತಿ ಬೇಕಲ್ಲ. ಅತ್ತೆ ನೀರು ಕುಡಿಯಲು ಬಂದವಳು ಬಗ್ಗಿ ನೋಡಿದಳು.

"ಏನೇ ಇದು, ಸಾಲೆಲ್ಲ ಅಟ್ಟ ಹತ್ತುತ್ತಾ ಇದೆ..."

ಮಾತು ಅಲ್ಲೇ ನಿಂತಿತು. ಕೇಸಿನ ಕಾಗದಗಳು ಕಪಾಟಿನ ಮೇಲೆ ಒಂದು ಚೀಲದಲ್ಲಿವೆ, ಪುಸ್ತಕದ ಆ ಪುಟದ ಜೆರಾಕ್ಸ್ ಕೂಡ. ಅತ್ತೆ ಅದನ್ನು ತೆಗೆದು ಹಾಳೆಯ ಪಕ್ಕ ಇಟ್ಟಳು. ಎರಡರ ಅಕ್ಷರವನ್ನೂ ಹೋಲಿಸಿ ನೋಡಿದಳು. ಮಗಳು ತಲೆ ಎತ್ತಲಿಲ್ಲ.

ಬೈಗುಳ ಬರಲಿಲ್ಲ. ಅತ್ತೆ ನಿಧಾನಕ್ಕೆ ನೆಲದಲ್ಲಿ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಎಂಟು ತಿಂಗಳು ಅವನನ್ನ ಬಾಯಿಗೆ ಬಂದಂಗೆ ಬೈದೆನಲ್ಲೇ," ಎಂದಳು. ಜೆರಾಕ್ಸನ್ನು ಮಡಚಿ ಚೀಲಕ್ಕೆ ಹಾಕಿ, "ನಿಮ್ಮಪ್ಪ ಹೇಳಿದ್ದೇ ಸರಿ. ಟೈಪ್ ಮಾಡ್ಸೋಣ. ನಾನೇ ಕರ್ಕೊಂಡು ಹೋಗ್ತೀನಿ" ಎಂದಳು. ಆ ಸಂಜೆ ಮಿಷನ್ ಸದ್ದು ಮಾಡಲಿಲ್ಲ.

ಅತ್ತೆ ಬೈದಿದ್ದರೆ ಮಗಳು ಸುಮ್ಮನಿರುತ್ತಿದ್ದಳೇನೋ. ತನ್ನನ್ನು ಮುಚ್ಚಿಡಲು ಈಗ ಇಬ್ಬರಾದರು ಎಂದು ಅನಿಸಿದಾಗ ತಡೆಯಲಾಗಲಿಲ್ಲ. ಬರೆದ ಹಾಳೆ ಹರಿದು ಮತ್ತೆ ಮೊದಲಿನಿಂದ ಬರೆದಳು. ಅದೇ ಇದು. ಅಪ್ಪ ಎಂಥವನು ಎಂದು ಕೇಳಿದ್ದರು. ಇದನ್ನು ಬಿಟ್ಟು ಹೇಳಿದರೆ ಅವನು ಎಂಥವನು ಎಂದು ಹೇಳಿದಂತಾಗುವುದಿಲ್ಲ. ಇದರಿಂದ ಅಪ್ಪನ ಶಿಕ್ಷೆ ಇಳಿಯುತ್ತದೋ, ಸುಳ್ಳು ಹೇಳಿದ್ದಕ್ಕೆ ಏರುತ್ತದೋ ಗೊತ್ತಿಲ್ಲ. ನನಗೆ ಏನಾಗುತ್ತದೆ ಎಂದೂ ಗೊತ್ತಿಲ್ಲ. ಅಪ್ಪನಿಗೆ ಕೋಪ ಬರುತ್ತದೆ, ಅದು ಗೊತ್ತು.

ನಾಳೆ ಹತ್ತು ಗಂಟೆಗೆ ವಕೀಲರ ಆಫೀಸಿಗೆ ಹೋಗಿ ಈ ಹಾಳೆಗಳನ್ನೂ ನನ್ನ ಒಂಬತ್ತನೇ ತರಗತಿಯ ನೋಟ್‌ಬುಕ್ಕನ್ನೂ ಕೊಡುತ್ತೇನೆ. ಟೈಪ್ ಮಾಡಿಸುವುದಿಲ್ಲ.