ಸರ್ ದನಿಯಲ್ಲಿ ಕೊಟ್ಟ ರಜೆ

ತಪ್ಪು ನನ್ನದು. ಅದನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಟ್ಟರೆ ಉಳಿದದ್ದನ್ನು ತಲೆಯೆತ್ತಿ ಬರೆಯಬಹುದು. ಇಂಥ ಅನುಭವಗಳನ್ನು ನಿವೃತ್ತರಾದವರು ಬರೆಯುವುದು ವಾಡಿಕೆ. ನನಗೆ ಇಪ್ಪತ್ತಾರು. ಆದರೆ ಆ ವಾರ ನಿವೃತ್ತಿಯ ಬಾಗಿಲು ಮುಟ್ಟಿ ಬಂದವನು.

ಇದು ಹೋದ ವರ್ಷದ ಮಾತು. ನಾನು ಅಮೆರಿಕದ ಶಾಮ್‌ಬರ್ಗಿನ ಒಂದು ಸಣ್ಣ ಆಫೀಸಿನಲ್ಲಿ ಪ್ರೋಗ್ರಾಂ ಅಸಿಸ್ಟೆಂಟ್. ಇಲ್ಲಿನ ಕಾಲೇಜು ವಿದ್ಯಾರ್ಥಿಗಳನ್ನು ಒಂದು ಸೆಮಿಸ್ಟರ್ ಮಟ್ಟಿಗೆ ಚೀನಾಕ್ಕೆ ಓದಲು ಕಳಿಸುವುದು ನಮ್ಮ ಕೆಲಸ. ಡೈರೆಕ್ಟರ್ ಪಾಟೀಲ ಸರ್ ಅಮೆರಿಕಕ್ಕೆ ಬಂದು ಇಪ್ಪತ್ತೈದು ವರ್ಷವಾಗಿದೆ. ಅವರ ಕನ್ನಡ ಇನ್ನೂ ಧಾರವಾಡ ಬಿಟ್ಟು ಹೊರಟಿಲ್ಲ. ಟೈಪ್ ಮಾಡುವುದೆಂದರೆ ಅವರಿಗೆ ಬೇಸರ, ಹಾಗಾಗಿ ಎಲ್ಲರಿಗೂ ಆಫೀಸ್ ಫೋನಿನಿಂದ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಅವರ ದನಿ ಅನುಕರಿಸಲು ನನಗೆ ಬರುತ್ತದೆ. ಆಫೀಸಿನಲ್ಲಿ ಎಲ್ಲರ ದನಿಯೂ ಬರುತ್ತದೆ, ಕಾಫಿ ಮೆಷಿನ್ನಿನದೂ ಸೇರಿ. ನನ್ನ ಸ್ವಂತ ದನಿ ಯಾವುದೆಂದು ಮಾತ್ರ ನಮ್ಮಮ್ಮನಿಗೇ ಅನುಮಾನ.

ನಿಧಿ ವೆಸ್ಟ್ ಬ್ಲೂಮ್‌ಫೀಲ್ಡಿನ ಕನ್ನಡದ ಹುಡುಗಿ, ಅಮೆರಿಕದಲ್ಲೇ ಹುಟ್ಟಿದವಳು. ಮುನ್ನೂರು ಮೈಲಿ ಡ್ರೈವ್ ಮಾಡಿ ಅವರ ಮನೆಗೆ ಹೋಗಿ ನಮ್ಮ ಬ್ರೋಶರ್ ಕೊಟ್ಟು ಬಂದವನೇ ನಾನು. ಅದರ ಕವರ್ ಮೇಲೆ ಹಿಂದಿನ ಬ್ಯಾಚಿನ ನಾಲ್ವರು ವಿದ್ಯಾರ್ಥಿಗಳು ಚೀನೀ ಗೆಳೆಯರೊಂದಿಗೆ, ಊರಾಚೆಯ ಯಾವುದೋ ಕೆರೆಯಲ್ಲಿ, ಬೋಟಿನಲ್ಲಿ ಕೂತು ನಗುತ್ತಿದ್ದಾರೆ. ಫೋಟೊ ತೆಗೆದವರು ಪಾಟೀಲ ಸರ್. ಅದನ್ನವರು ಕೇಳದವರಿಗೂ ಹೇಳುತ್ತಾರೆ. ಫೋಟೊ ನೋಡಿಯೇ ನಿಧಿ ಅಪ್ಲೈ ಮಾಡಿದ್ದಳು.

ನಿಯಮವೊಂದಿತ್ತು. ಅಲ್ಲಿ ನಗರ ಬಿಟ್ಟು ಹೋಗುವ ವಿದ್ಯಾರ್ಥಿ ಐದು ದಿನ ಮೊದಲು ಟ್ರಾವೆಲ್ ಫಾರ್ಮ್ ತುಂಬಿ ಡೈರೆಕ್ಟರ್ ಅನುಮತಿ ಪಡೆಯಬೇಕು. ಆ ಫಾರ್ಮುಗಳ ಫೈಲ್ ನೋಡಿಕೊಳ್ಳುವವನು ನಾನು. ಬೀರುವಿನಲ್ಲಿ ಅಷ್ಟು ಹಗುರವಾದ ಫೈಲ್ ಇನ್ನೊಂದಿರಲಿಲ್ಲ.

ಅಕ್ಟೋಬರ್ ಮೊದಲ ವಾರ ಚೀನಾದಲ್ಲಿ ದೊಡ್ಡ ರಜೆ. ಅದಕ್ಕೆ ಒಂದು ವಾರ ಮೊದಲು ಅಲ್ಲಿಂದ ಆಫೀಸ್ ಫೋನಿಗೆ ನಿಧಿಯ ಮೆಸೇಜ್ ಬಂತು: ರೂಮ್‌ಮೇಟ್ ಲಿನ್ ತನ್ನ ಊರಿಗೆ ಕರೆಯುತ್ತಿದ್ದಾಳೆ, ಟ್ರೈನಿನಲ್ಲಿ ಎರಡು ಗಂಟೆ ದಾರಿ, ಮೂರು ದಿನ, ಸರ್ ಒಪ್ಪುತ್ತಾರಾ? ಸರ್ ಊಟಕ್ಕೆ ಹೋಗಿದ್ದರು. ಆಫೀಸ್ ಫೋನ್ ನನ್ನ ಮುಂದೆಯೇ ಬಿದ್ದಿತ್ತು. ಗಂಟಲು ಸರಿಮಾಡಿಕೊಂಡು ಸರ್ ದನಿಯಲ್ಲಿ ವಾಯ್ಸ್ ಮೆಸೇಜ್ ಕಳಿಸಿದೆ.

"ಏ ಹೋಗಿ ಬಾರವಾ ತಂಗಿ. ಆರಾಮ್ ತಿರಗ್ಯಾಡು, ಮನಿ ಊಟ ಮಾಡು. ಫೋಟೊ ಕಳಸೂದು ಮರೀಬ್ಯಾಡ."

ಇದು ನನ್ನ ಮಿಮಿಕ್ರಿಯೆಂದು ತಿಳಿದು ಅವಳು ನಗುತ್ತಾಳೆ, ನಕ್ಕು ಫಾರ್ಮ್ ತುಂಬುತ್ತಾಳೆ ಎಂದುಕೊಂಡೆ. ಅವಳು ನಗಲಿಲ್ಲ, ಟಿಕೆಟ್ ತೆಗೆದಳು. ಹೇಳಿದ ಮಾತು ಕೇಳುವ ಹುಡುಗಿ, ಫೋಟೊ ಕಳಿಸುವುದನ್ನೂ ಮರೆಯಲಿಲ್ಲ. ನೇರ ಪಾಟೀಲ ಸರ್ ಅವರ ಸ್ವಂತ ಫೋನಿಗೆ ಕಳಿಸಿದಳು: ದೋಣಿಯಲ್ಲಿ ಅವಳು, ಲಿನ್, ಇನ್ನಿಬ್ಬರು ಗೆಳೆಯರು, ನಡುವೆ ಲಿನ್ ಅಜ್ಜಿ ಸುಟ್ಟುಕೊಟ್ಟ ಗೆಣಸಿನ ಬುಟ್ಟಿ. ಕೆಳಗೆ, "ಥ್ಯಾಂಕ್ಸ್ ಫಾರ್ ದ ಪರ್ಮಿಶನ್, ಅಂಕಲ್."

"ನಾ ಯಾವಾಗ ಕೊಟ್ಟೆ ಪರ್ಮಿಶನ್ನು?" ಎಂದರು ಸರ್. ನಾನು ಪ್ರಿಂಟರಿನಲ್ಲಿ ಸಿಕ್ಕಿಕೊಳ್ಳದ ಪೇಪರನ್ನು ಬಿಡಿಸತೊಡಗಿದೆ. ಹೀಗೆ ಪೂರ್ತಿ ಒಂದು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮಿಮಿಕ್ರಿಗಿಂತ ದೊಡ್ಡ ತಪ್ಪು ಅದು. ಅಷ್ಟರಲ್ಲಿ ಸರ್ ತೀರ್ಮಾನ ಮಾಡಿಯಾಗಿತ್ತು: ನಿಧಿ ತಪ್ಪೊಪ್ಪಿಗೆ ಬರೆದುಕೊಡಬೇಕು, ಇಲ್ಲವೇ ಮೊದಲ ಫ್ಲೈಟಿಗೆ ವಾಪಸ್ ಬರಬೇಕು. ಬರೆದುಕೊಟ್ಟರೆ ಕಾಲೇಜಿನ ಫೈಲಿನಲ್ಲಿ ಅದು ಶಾಶ್ವತ. ವಾಪಸ್ ಬಂದರೆ ಸೆಮಿಸ್ಟರ್ ಪೂರ್ತಿ ಹೋಯಿತು.

ಮರುದಿನ ಬೆಳಿಗ್ಗೆ ಅವರ ಟೇಬಲ್ ಮೇಲೆ ಆಫೀಸ್ ಫೋನ್ ಇಟ್ಟು ನನ್ನ ಮೆಸೇಜ್ ಹಾಕಿದೆ. ಅವರು ಎರಡು ಸಲ ಕೇಳಿದರು.

"ಏನಲೇ ತಮ್ಮಾ, ನಾ ಹಿಂಗ ಮೂಗಿನಾಗ ಮಾತಾಡ್ತೀನೇನು?" ಎಂದು ಮೂಗಿನಲ್ಲೇ ಕೇಳಿದರು.

"ಅವಳ ಬದಲು ನನ್ನನ್ನ ಮನೆಗೆ ಕಳಿಸಿಬಿಡಿ ಸರ್," ಎಂದೆ.

"ನಿಂದು ಆಮ್ಯಾಲೆ ನೋಡ್ತೀನಿ. ಫಾರ್ಮ್ ತುಂಬದ ಹೋದಾಕಿ ಅಕಿ. ರೂಲ್ ಅಂದ್ರ ರೂಲ್."

ಎಂಟು ಗಂಟೆಗೆ ವಿಡಿಯೊ ಕಾಲ್. ನಿಧಿ ತನ್ನ ಹಾಸ್ಟೆಲ್ ರೂಮಿನಿಂದ ತೆರೆಯ ಮೇಲೆ ಬಂದಳು, ಪಕ್ಕದಲ್ಲಿ ಲಿನ್ ಊರಿಂದ ತಂದ ಗೆಣಸು ಸುಲಿಯುತ್ತಿದ್ದಳು. ನಾನು ಮಾಡಿದ್ದನ್ನು ನಾನೇ ಹೇಳಿದೆ. ನಿಧಿ ನನ್ನನ್ನು ನೋಡಿ, "ಯು ಆರ್ ಸಚ್ ಆನ್ ಈಡಿಯಟ್" ಎಂದಳು. ಅದರ ಬಗ್ಗೆ ಆಫೀಸಿನಲ್ಲಿ ಎರಡು ಅಭಿಪ್ರಾಯ ಇರಲಿಲ್ಲ. ಆಮೇಲೆ ಸರ್ ಕಡೆ ತಿರುಗಿ, "ಸಾರಿ ಬರೆಯಲ್ಲ ಅಂಕಲ್. ಫ್ರೆಂಡ್ ಮನೆಗೆ ಹೋಗಿದ್ದಕ್ಕೆ ಯಾಕೆ ಬರೀಬೇಕು?" ಎಂದಳು.

"ಹಂಗಾರ ಟಿಕೆಟ್ ಬುಕ್ ಮಾಡಸ್ತೀನಿ," ಎಂದರು ಸರ್.

ಮುಂದಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯ ಮಾತು ಅವಳದೇ ಆಗಲಿ. ಟಿಕೆಟ್ ಬುಕ್ ಆಗಲಿಲ್ಲ, ತಪ್ಪೊಪ್ಪಿಗೆ ಬರೆಯಲಿಲ್ಲ, ಅವಳು ಸೆಮಿಸ್ಟರ್ ಮುಗಿಸಿಯೇ ಬಂದಳು. ನನ್ನ ಕೆಲಸ ಉಳಿಯಿತು. ಆಫೀಸ್ ಫೋನ್ ಮಾತ್ರ ಈಗ ಸರ್ ಡ್ರಾಯರಿನಲ್ಲಿ, ಬೀಗದೊಳಗೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಯಾರ ದನಿ ಬೇಕಾದರೂ ತೆಗೆಯಬಹುದು, ಎದುರು ಮಾತಾಡುವಾಗ ಮಾತ್ರ ಸ್ವಂತ ದನಿಯೇ ಬೇಕು. ಅವತ್ತು ಸರ್ ಟಿಕೆಟ್ ಮಾತೆತ್ತಿದ ಕೂಡಲೇ ನಿಧಿ ತನ್ನ ಟೇಬಲ್ ಮೇಲಿಂದ ನಮ್ಮ ಬ್ರೋಶರ್ ಎತ್ತಿ, ಕವರನ್ನು ಕ್ಯಾಮೆರಾಕ್ಕೆ ಹಿಡಿದಳು.

"ಅಂಕಲ್, ಈ ಬೋಟ್‌ನಲ್ಲಿ ಕೂತಿದಾರಲ್ಲ ಹಳೇ ಬ್ಯಾಚಿನ ನಾಲ್ಕು ಜನ, ಅವರ ಟ್ರಾವೆಲ್ ಫಾರ್ಮ್ ತೋರಿಸಿ. ನಾಳೇನೇ ನಾನು ಫ್ಲೈಟ್ ಹತ್ತುತ್ತೀನಿ."