ಡಕ್ಟಿನೊಳಗಿನ ಗೂಡು

ಜೆ.ಪಿ. ನಗರದ ನಮ್ಮ ಎದುರುಮನೆಯ ಸೀತಾಲಕ್ಷ್ಮಿಯವರನ್ನು ಮೂಢನಂಬಿಕೆಯ ಹೆಂಗಸು ಎಂದು ಬೈಯುವುದು ಸುಲಭ. ನಾನೇ ಮುಖಕ್ಕೆ ಹೊಡೆದಂತೆ ಬೈದಿದ್ದೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರಿಗೆ ಇದೇನು ಬುದ್ಧಿ ಎಂದು ಮೈಯೆಲ್ಲ ಉರಿಯುತ್ತಿತ್ತು.

ಅವರ ಹಾಲಿನ ಫಾಲ್ಸ್ ಸೀಲಿಂಗ್ ಮೇಲೆ ಎಸಿಯ ಗಾಳಿ ಹರಿಯುವ ಡಕ್ಟ್ ಇದೆ. ಬಾಲ್ಕನಿ ಕಡೆಯ ಬಲೆ ಹರಿದು, ಪಾರಿವಾಳ ಅದರೊಳಗೆ ಗೂಡು ಕಟ್ಟಿತು. ಕ್ಲೀನ್ ಮಾಡುವವರನ್ನು ಕರೆಸುತ್ತೇನೆಂದು ಮಗ ಸುಶ್ರುತ ಹೊರಟ. ಸೊಸೆ ಶುಭಾಗೆ ಆಗ ನಾಲ್ಕು ತಿಂಗಳು. ಹಿಂದಿನ ಬಸಿರು ಐದನೆಯ ತಿಂಗಳಲ್ಲಿ ಇಳಿದುಹೋಗಿತ್ತು.

"ಬಸುರಿ ಇರೋ ಮನೇಲಿ ಗೂಡು ಕೀಳ್ತಾರೇನೋ? ಮರಿ ಹಾರಿಹೋಗ್ಲಿ, ಆಮೇಲೆ ಮಾಡ್ಸು" ಎಂದರು ಸೀತಾಲಕ್ಷ್ಮಿ.

ಮರಿ ಹಾರುವ ಮೊದಲೇ ಪಾರಿವಾಳ ಮತ್ತೆ ಮೊಟ್ಟೆಯಿಟ್ಟಿತು. ಇವರು ಮತ್ತೆ ಮುಂದೂಡಿದರು. ಎಸಿ ಆಫ್ ಮಾಡಿಸಿದರೂ ಡಕ್ಟಿನ ಕಿಂಡಿಗಳಿಂದ ನಾತ, ಒಣಗಿದ ಹಿಕ್ಕೆಯ ಪುಡಿ ಇಳಿಯುತ್ತಲೇ ಇತ್ತು. ಶುಭಾಗೆ ಕೆಮ್ಮು ಹತ್ತಿತು. ತವರಿಗಾದರೂ ಕಳಿಸಿ ಎಂದೆ.

"ಅವಳು ತಾಯಿ ಇಲ್ಲದ ಹುಡುಗಿ, ಎಲ್ಲಿಗೆ ಕಳಿಸ್ಲಿ ಇಂದ್ರಾಣಿ?" ಎಂದು ನನ್ನನ್ನೇ ಕೇಳಿದರು.

"ನಿಮ್ ಪುಣ್ಯಕ್ಕೆ ಅವಳ ಉಸಿರು ಹೋಗ್ತಿದೆ ಕಣ್ರೀ!" ಎಂದುಬಿಟ್ಟೆ. ಅವರು ಅತ್ತರು. ಆದರೆ ಗೂಡು ಮಾತ್ರ ಅಲ್ಲೇ ಇತ್ತು.

ಏಳನೆಯ ತಿಂಗಳಲ್ಲಿ ಶುಭಾಗೆ ಉಸಿರಾಡಲೇ ಆಗದೆ ಆಸ್ಪತ್ರೆಗೆ ಸೇರಿಸಿ ಆಕ್ಸಿಜನ್ ಹಾಕಿದರು. "ಮನೇಲಿ ಪಾರಿವಾಳ ಇದ್ಯಾ?" ಎಂದು ಡಾಕ್ಟರು ಮೊದಲು ಅದನ್ನೇ ಕೇಳಿದರಂತೆ. ತಾಯಿ, ಮಗು ಇಬ್ಬರ ಬಗ್ಗೆಯೂ ಏನೂ ಹೇಳಲಾಗದು ಎಂದರಂತೆ. ಸೀತಾಲಕ್ಷ್ಮಿ ಅಂದೇ ಮನೆಗೆ ಓಡಿಬಂದು, ಡಕ್ಟ್ ಕ್ಲೀನ್ ಮಾಡುವ ಭೀಮಪ್ಪನಿಗೆ ಫೋನಿನಲ್ಲೇ ಎಲ್ಲ ಹೇಳಿಕೊಂಡು ಕರೆಸಿದರು.

ಏಣಿ ಹತ್ತಿ ಮುಚ್ಚಳ ಬಿಚ್ಚಿದ ಭೀಮಪ್ಪ ಹಾಗೇ ಇಳಿದುಬಿಟ್ಟ.

"ಮೊಟ್ಟೆ ಇದಾವೆ ಅಮ್ಮ. ಬಸುರಿ ಮನೆ ಅಂತೀರ. ನಾನು ಮುಟ್ಟಲ್ಲ, ನನಗೂ ಮಕ್ಕಳಿದಾರೆ."

"ನೀನು ಮುಟ್ಟಬೇಡಪ್ಪ. ಏಣಿ ಹಿಡ್ಕೊ, ಸಾಕು."

ಸೀತಾಲಕ್ಷ್ಮಿಯವರಿಗೆ ಅರವತ್ತಾರು ವರ್ಷ, ಎರಡೂ ಮಂಡಿ ನೋವು. ಅಲ್ಲೇ ನಿಂತಿದ್ದ ನಾನು ಬೇಡವೆಂದು ಕೂಗುತ್ತಿದ್ದಂತೆಯೇ ಹತ್ತಿದರು. ಮೂಗಿಗೆ ಸೆರಗು ಸುತ್ತಿ, ಬರಿಗೈ ಹಾಕಿ ಗೂಡನ್ನು ಎಳೆದರು. ಎರಡು ಮೊಟ್ಟೆಗಳೂ ಹಾಲಿನ ನೆಲಕ್ಕೆ ಬಿದ್ದು ಒಡೆದವು.

ಅವರು ಏಣಿಯ ಮೇಲೆಯೇ ದೇವರಮನೆಯ ಕಡೆ ತಿರುಗಿ ಕಿರುಚಿದರು: "ಕಿತ್ತಿದ್ದು ನಾನು! ನೋಡ್ಕೊ, ನಾನು! ಶುಭಾ ಅಲ್ಲ!"